ವಾರಕ್ಕೊಂದು ಚುಚ್ಚುಮದ್ದು

ಟೈಪ್ 2 ಮಧುಮೇಹಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್, ಇನ್ಸುಲಿನ್ ಅಲ್ಲ. ಸೂಜಿ ಎಂದೊಡನೆ ಇನ್ಸುಲಿನ್ ಶುರುವಾಯಿತೆಂದು ಹೆದರುವವರಿಗೆ ಮೊದಲು ತಿಳಿಯಬೇಕಾದ್ದು ಇದೇ. ಉಂಡದ್ದು ಕರುಳಿಗೆ ಇಳಿದಾಗ ಅಲ್ಲಿನ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಸೆಮಾಗ್ಲುಟೈಡ್ ಅದರ ಕೆಲಸವನ್ನೇ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುತ್ತದೆ. ಯಕೃತ್ತಿನಿಂದ ಸಕ್ಕರೆ ಬಿಡಿಸುವ ಗ್ಲುಕಗಾನ್ ಹಾರ್ಮೋನನ್ನು ತಗ್ಗಿಸುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಹಸಿವು ಕುಗ್ಗುತ್ತದೆ. ಎಷ್ಟೋ ಜನರ ತೂಕವೂ ಇಳಿಯುವುದು ಇದರಿಂದ.

ಸಹಜ ಜಿಎಲ್‌ಪಿ-1 ಅಲ್ಪಾಯು. ಡಿಪಿಪಿ-4 ಎಂಬ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಕತ್ತರಿಸಿಹಾಕುತ್ತದೆ. ಇದನ್ನು ಮೀರುವ ದಾರಿ ತೋರಿದ್ದು ಉತ್ತರ ಅಮೆರಿಕದ ಮರುಭೂಮಿಯ ವಿಷದ ಹಲ್ಲಿ, ಗಿಲಾ ಮಾನ್‌ಸ್ಟರ್. ಸಂಶೋಧಕ ಜಾನ್ ಎಂಗ್ ಅದರ ವಿಷದಲ್ಲಿ ಪತ್ತೆಹಚ್ಚಿ 1992ರಲ್ಲಿ ಪ್ರಕಟಿಸಿದ ಎಕ್ಸೆಂಡಿನ್-4 ಜಿಎಲ್‌ಪಿ-1ರಂತೆಯೇ ಕೆಲಸ ಮಾಡುತ್ತದೆ, ಆದರೆ ಈ ಕಿಣ್ವಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದರಿಂದ ಬಂದ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ದಿನಕ್ಕೆರಡು ಸಲ ಚುಚ್ಚಿಕೊಳ್ಳಬೇಕಿತ್ತು. 2017ರಲ್ಲಿ ಅನುಮತಿ ಪಡೆದ ಸೆಮಾಗ್ಲುಟೈಡ್‌ನ ಜಾಣ್ಮೆ ಮೆಚ್ಚುವಂಥದ್ದು. ಮಾನವ ಹಾರ್ಮೋನಿನಲ್ಲಿ ಕಿಣ್ವ ಕತ್ತರಿಸುವ ಜಾಗದ ಅಮೈನೋ ಆಮ್ಲವನ್ನು ಬದಲಿಸಿ, ಇನ್ನೊಂದೆಡೆ ಉದ್ದನೆಯ ಕೊಬ್ಬಿನಾಮ್ಲ ಜೋಡಿಸಲಾಗಿದೆ. ಆ ಕೊಬ್ಬಿನಾಮ್ಲ ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಔಷಧ ಮೂತ್ರಪಿಂಡದ ಮೂಲಕ ಬೇಗ ಹೊರಹೋಗದು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು.

ಆರಂಭದ ಪ್ರಮಾಣ ವಾರಕ್ಕೆ 0.25 ಮಿ.ಗ್ರಾಂ. ಇದು ಸಕ್ಕರೆ ಇಳಿಸಲು ಸಾಲದು, ಹೊಟ್ಟೆಯನ್ನು ಒಗ್ಗಿಸಲು ಮಾತ್ರ. ನಾಲ್ಕು ವಾರದ ಬಳಿಕ 0.5ಕ್ಕೆ, ಮುಂದೆ ಬೇಕಾದರೆ 1ಕ್ಕೆ ವೈದ್ಯರು ಏರಿಸುತ್ತಾರೆ. ಗುಣ ಕಾಣಲಿಲ್ಲವೆಂದು ತಾವಾಗಿಯೇ ಪ್ರಮಾಣ ಹೆಚ್ಚಿಸಿಕೊಂಡವರನ್ನು ವಾಕರಿಕೆ, ವಾಂತಿ, ಭೇದಿ ಹೆಚ್ಚು ಕಾಡುತ್ತವೆ.

ಹೊಟ್ಟೆ, ತೊಡೆ ಅಥವಾ ಮೇಲ್ತೋಳಿನ ಚರ್ಮದಡಿಗೆ ಚುಚ್ಚುಮದ್ದಿನ ಪೆನ್ನಿನಿಂದ ಚುಚ್ಚಬೇಕು. ಗುಂಡಿ ಒತ್ತಿ ಅಂಕಿ ಸೊನ್ನೆಗೆ ಬಂದ ಮೇಲೂ ನಿಧಾನವಾಗಿ ಆರರವರೆಗೆ ಎಣಿಸಿಯೇ ಸೂಜಿ ತೆಗೆಯಬೇಕು. ಇಲ್ಲದಿದ್ದರೆ ಮದ್ದು ಪೂರ್ತಿ ಒಳಹೋಗದು. ಮರೆತರೆ ಐದು ದಿನಗಳೊಳಗೆ ತೆಗೆದುಕೊಳ್ಳಬಹುದು, ಅದು ಮೀರಿದರೆ ಮುಂದಿನ ವಾರದ ದಿನಕ್ಕೇ ಕಾಯಬೇಕು. ಬಳಸದ ಪೆನ್ನಿಗೆ ಫ್ರಿಜ್ಜೇ ಜಾಗ, ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ.

ಇದೊಂದರಿಂದಲೇ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಲೋ ಶುಗರ್ ಆಗಬಹುದು, ಆಗ ವೈದ್ಯರು ಅವುಗಳ ಪ್ರಮಾಣ ತಗ್ಗಿಸಬೇಕಾಗುತ್ತದೆ. ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ ಈ ಔಷಧ ಸಲ್ಲದು. ಬೆನ್ನಿಗೂ ಹರಡುವ, ಬಿಡದ ಹೊಟ್ಟೆನೋವು ಮೇದೋಜೀರಕ ಗ್ರಂಥಿಯ ಉರಿಯೂತದ ಲಕ್ಷಣವಾಗಿರಬಹುದು. ಹಾಗಾದರೆ ಚುಚ್ಚುಮದ್ದು ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.