ಎರಡು ಲಕ್ಷದ ಜಿಪ್ಸಿ, ಒಂದು ವರ್ಷದ ವಹಿ

ಧಾರವಾಡಕ್ಕೆ ಕೋಚಿಂಗಿಗೆ ಹೋಗಬೇಕೆಂದು ಕೂಡಿಟ್ಟಿದ್ದ ದುಡ್ಡಿಗೆ ಅಪ್ಪನಿಂದ ಒಂದಿಷ್ಟು ಸೇರಿಸಿಕೊಂಡು ನಾನೊಂದು ಹಳೇ ಜಿಪ್ಸಿ ಕೊಂಡೆ. ಇದನ್ನು ಓದಿ ನೀವು ನಗಬಹುದು. ನಮ್ಮವ್ವ ನಗಲಿಲ್ಲ, ಎರಡು ದಿನ ನನ್ನೊಂದಿಗೆ ಮಾತೇ ಆಡಲಿಲ್ಲ.

ಕಾರಣವೂ ಇತ್ತು. ಮೂಡಲಗಿ ತಾಲ್ಲೂಕಿನ ನಮ್ಮ ಮನೆ ಇರುವುದು ಹೊಲದಲ್ಲಿ. ಎರೆ ಭೂಮಿ. ಮಳೆ ಹಿಡಿದರೆ ಬೈಕಿನ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಎರಡು ಕ್ಯಾನ್ ಹಾಲು ಡೇರಿಗೆ ಮುಟ್ಟಿಸಲು ಅಪ್ಪ ಟ್ರ್ಯಾಕ್ಟರ್ ತೆಗೆಯಬೇಕು. ಆದರೆ ರೀಲ್ಸ್‌ನಲ್ಲಿ ಕೆಸರು ಹಾರಿಸುವ ಜಿಪ್ಸಿಗಳನ್ನು ನೋಡಿ ನೋಡಿ ಹುಚ್ಚು ಹಿಡಿದಿದ್ದೂ ನಿಜ. 2023ರ ಜೂನ್‌ನಲ್ಲಿ ಬಂದ ಜಿಮ್ನಿಯ ಶೋರೂಂ ಬೆಲೆಯೇ ಆಗ 12.74 ಲಕ್ಷದಿಂದ ಶುರುವಾಗುತ್ತಿತ್ತು. ಹುಕ್ಕೇರಿ ಕಡೆಯ ಹಳ್ಳಿಯೊಂದರಲ್ಲಿ 2004ರ ಜಿಪ್ಸಿ 2.10 ಲಕ್ಷಕ್ಕೆ ಸಿಗುತ್ತದೆ ಎಂದು ದೋಸ್ತ ಹೇಳಿದಾಗ, 2024ರ ಜನವರಿಯಲ್ಲಿ, ನಾನು ಹೆಚ್ಚು ಯೋಚಿಸಲಿಲ್ಲ.

ಜಿಪ್ಸಿ 1985ರ ಕೊನೆಯಲ್ಲಿ ನಮ್ಮ ದೇಶದ ರಸ್ತೆಗಿಳಿದಾಗ ಅದರ ಎಂಜಿನ್ 970 ಸಿಸಿ. 1996ರಲ್ಲಿ 1,298 ಸಿಸಿಯ ಜಿಪ್ಸಿ ಕಿಂಗ್ ಬಂತು. ಮುಂದೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂದ ಮೇಲೆ ಅದರ ಶಕ್ತಿ 80 ಎಚ್‌ಪಿ. ತೂಕ ಒಂದು ಟನ್ನಿನ ಆಸುಪಾಸು. ಹಗುರವಾದ್ದರಿಂದಲೇ ಕೆಸರಿನಲ್ಲಿ ಹೂತುಹೋಗದೆ ದಾಟುತ್ತದೆ. ಸೇನೆ ದಶಕಗಳ ಕಾಲ ಇದನ್ನು ನೆಚ್ಚಿಕೊಂಡಿತ್ತು. ಜನಸಾಮಾನ್ಯರಿಗೆ ಇದರ ಮಾರಾಟ ನಿಂತದ್ದು 2019ರಲ್ಲಿ. ಇಷ್ಟೆಲ್ಲ ನನಗೆ ಬಾಯಿಪಾಠವಾಗಿತ್ತು. ಗಾಡಿಯ ಕೆಳಗೆ ಬಗ್ಗಿ ನೋಡುವುದೊಂದು ಗೊತ್ತಿರಲಿಲ್ಲ.

ಹುಕ್ಕೇರಿಯಿಂದ ಘಟಪ್ರಭಾ ಕಡೆ ಹೊರಟಾಗ ಸ್ಪೀಡು ಅರವತ್ತು ದಾಟಿತ್ತು. ಒಂದು ಗುಂಡಿಗೆ ಚಕ್ರ ಬಿದ್ದದ್ದೇ ತಡ, ಸ್ಟೇರಿಂಗ್ ಕೈಯಲ್ಲಿ ನಿಲ್ಲದಂತೆ ಗಡಗಡ ನಡುಗತೊಡಗಿತು. ಪೂರ್ತಿ ನಿಧಾನಿಸಿದ ಮೇಲೆಯೇ ನಡುಕ ನಿಂತಿತು. ಮರುದಿನ ಗೋಕಾಕದ ಮಿಸ್ತ್ರಿಯ ಹತ್ತಿರ ಒಯ್ದೆ. ಅವರು ಮುಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಸದ್ದು.

‘ಕಿಂಗ್‌ಪಿನ್ ಬೇರಿಂಗ್ ಹೋಗ್ಯಾವು ತಮ್ಮಾ. ಸೀಲೂ ಹರದೈತಿ, ನೋಡಿಲ್ಲಿ’ ಎಂದರು. ಚಕ್ರದ ಹಿಂದಿನ ಗುಂಡಿನಂಥ ಭಾಗದಿಂದ ಗ್ರೀಸು, ಎಣ್ಣೆ ಕೂಡಿಕೊಂಡು ಸೋರುತ್ತಿತ್ತು. ಅದು ಬ್ರೇಕಿಗೆ ಮುಟ್ಟಿದರೆ ಬ್ರೇಕ್ ಹಿಡಿಯುವುದಿಲ್ಲ. ‘ಇದು ಗಾಡಿ ಮಾಡಿದವರ ತಪ್ಪಲ್ಲ, ವಯಸ್ಸಾಗೈತಿ. ಮನಶ್ಯಾಗ ಮೊಣಕಾಲು ಹೋದಂಗ’ ಎಂದು ಅವರೇ ಸಮಾಧಾನ ಹೇಳಿದರು.

ಆ ವರ್ಷ ಅವರ ಗ್ಯಾರೇಜಿನಲ್ಲಿ ನಾನು ಕಲಿತದ್ದು ಕಾಲೇಜಿನ ಒಂದು ಸೆಮಿಸ್ಟರಿಗಿಂತ ಹೆಚ್ಚು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಫೋರ್‌ವ್ಹೀಲ್ ಹಾಕಿ, ನಿಧಾನ ಹೋಗುವಾಗ ಟಕಟಕ ಸದ್ದು ಬಂದರೆ ಮುಂದಿನ ಆಕ್ಸಲ್ ಜಾಯಿಂಟ್ ಸವೆದಿದೆ ಎಂದರ್ಥ. ಗಿಯರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ‘ಠಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಬೇಕು. ಗಾಡಿ ಒಂದು ಬದಿ ವಾಲಿದ್ದರೆ ಪಾಟಾ ಸ್ಪ್ರಿಂಗ್ ದಣಿದಿದೆ. ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ನಮ್ಮ ಗಾಡಿಯ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಅದು ತಗಡನ್ನು ತೂರಿ ಕೆಳಗಿಳಿಯಿತು.

ಫೋರ್‌ವ್ಹೀಲ್ ಹಾಕುವ ರೀತಿಯೂ ನನಗೆ ಗೊತ್ತಿರಲಿಲ್ಲ. ಶೋಕಿಗೆಂದು ಡಾಂಬರು ರಸ್ತೆಯಲ್ಲೇ ಹಾಕಿಕೊಂಡು ಹೋಗುತ್ತಿದ್ದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಜಿಪ್ಸಿಯಂಥ ಗಾಡಿಯಲ್ಲಿ ಫೋರ್‌ವ್ಹೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರುವುದಿಲ್ಲ, ಆ ಸೆಳೆತವೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಮುಂದೆ ಒಂದು ಸೈಜು, ಹಿಂದೆ ಒಂದು ಸೈಜು ಟಯರ್ ಇದ್ದರೂ ಇದೇ ಪಾಡು. ನಮ್ಮದರಲ್ಲಿ ಹಾಗೇ ಇತ್ತು, ನಾಲ್ಕೂ ಬದಲಿಸಬೇಕಾಯಿತು.

2024ರ ಜುಲೈನಲ್ಲಿ ಘಟಪ್ರಭೆ ತುಂಬಿ ಗೋಕಾಕದ ಲೋಳಸೂರ ಸೇತುವೆ ಮುಳುಗಿತು. ನಮ್ಮ ಹೊಲದ ಹಳ್ಳದಲ್ಲೂ ಮೊಣಕಾಲುದ್ದ ನೀರು. ಒಂದು ರಾತ್ರಿ ಆಯಿಗೆ ಉಸಿರು ಕಟ್ಟಿತು. ಆಂಬುಲೆನ್ಸು ಹಳ್ಳದ ಆಚೆ ನಿಂತಿತ್ತು. ಹರಿವು ಜೋರಿರಲಿಲ್ಲ. ಅಪ್ಪ ಕೋಲು ಹಿಡಿದು ಮುಂದೆ ನಡೆದು ಆಳ ನೋಡಿದರು, ನಾನು ಫೋರ್‌ ಲೋ ಹಾಕಿ ಹಿಂದೆ ಹಿಂದೆ ಬಂದೆ. ಆಯಿ ಉಳಿದಳು. ಆಸ್ಪತ್ರೆಯಿಂದ ಬಂದ ದಿನ ಅವ್ವ ಗಾಡಿಗೆ ಕುಂಕುಮ ಹಚ್ಚಿದಳು.

ಮರುವಾರ ಮಿಸ್ತ್ರಿ ಡಿಫರೆನ್ಷಿಯಲ್ ಎಣ್ಣೆ ಇಳಿಸಿದರೆ ಅದು ಹಾಲಿನ ಚಹಾದ ಬಣ್ಣಕ್ಕೆ ತಿರುಗಿತ್ತು. ಓಡಿ ಬಿಸಿಯಾದ ಆಕ್ಸಲ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಹಳೇ ಸೀಲುಗಳ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಬದಲಿಸದೆ ಹಾಗೇ ಓಡಿಸಿದ್ದರೆ ಗಿಯರ್‌, ಬೇರಿಂಗ್‌ ಎಲ್ಲ ಹಾಳು.

ಗಾಡಿ ಕೊಂಡ ದಿನದಿಂದ ನಾನೊಂದು ವಹಿ ಇಟ್ಟಿದ್ದೆ. ವರ್ಷದ ಕೊನೆಗೆ ಕೂಡಿಸಿದೆ. ಕಿಂಗ್‌ಪಿನ್, ಸೀಲು 9,500. ರೇಡಿಯೇಟರ್, ಹೋಸು 6,000. ಕ್ರಾಸ್, ಎಣ್ಣೆಗಳು 5,500. ಪಾಟಾ, ಬುಶ್ 4,000. ನೆಲದ ವೆಲ್ಡಿಂಗ್ 8,000. ಟಯರ್ 22,000. ರಿಪೇರಿಯೇ 55,000 ಆಯಿತು. ಲೀಟರಿಗೆ ಹತ್ತು ಕಿಲೋಮೀಟರಿನಂತೆ ನಾಲ್ಕು ಸಾವಿರ ಕಿಲೋಮೀಟರಿಗೆ ಪೆಟ್ರೋಲ್ 41,000.

ಕಾಗದಪತ್ರದ ಖರ್ಚು ಬೇರೆ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮದು ಕೊಂಡ ವರ್ಷವೇ ಮುಗಿಯುವುದಿತ್ತು, ಮಾರಿದವರು ಹೇಳಲಿಲ್ಲ, ನಾನು ಕೇಳಲಿಲ್ಲ. ಶುಲ್ಕ ಆಗ 5,000 ಇತ್ತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಗಿದೆ. 1,000ದಿಂದ 1,500 ಸಿಸಿಯ ಕಾರುಗಳಿಗೆ ಥರ್ಡ್ ಪಾರ್ಟಿ ವಿಮೆ ಆಗ 3,416 ರೂಪಾಯಿ ಇತ್ತು, ಮೇಲೆ ಜಿಎಸ್‌ಟಿ. ಹಸಿರು ತೆರಿಗೆಯೂ ಸೇರಿ ಇವೆಲ್ಲ 10,000. ಒಟ್ಟು 1,06,000. ಕೊಂಡ ಬೆಲೆಯ ಅರ್ಧ!

ಕೋಚಿಂಗು ಒಂದು ವರ್ಷ ಮುಂದೆ ಹೋಯಿತು. ಮನೆಯಲ್ಲೇ ಓದಿ ಬರೆದ ಪರೀಕ್ಷೆಯಲ್ಲಿ ನಾಲ್ಕು ಅಂಕದಿಂದ ತಪ್ಪಿಸಿಕೊಂಡೆ. ಅದಕ್ಕೆ ಜಿಪ್ಸಿಯೇ ಕಾರಣ ಎನ್ನಲಾರೆ, ಅಲ್ಲ ಎನ್ನಲೂ ಧೈರ್ಯವಿಲ್ಲ. ಗಾಡಿ ಮಾರಿಲ್ಲ. ಈಗ ಅದು ಅಪ್ಪನ ಹಾಲಿನ ಗಾಡಿ, ಖರ್ಚು ಡೇರಿಯ ಬಿಲ್ಲಿನಿಂದ. ನಾನು ಈ ಸಲ ಧಾರವಾಡಕ್ಕೆ ಹೊರಟಿದ್ದೇನೆ, ಬಸ್ಸಿನಲ್ಲಿ.

ನನ್ನಂತೆಯೇ ಹಳೇ ಜಿಪ್ಸಿಯ ಹುಚ್ಚು ಹಿಡಿದವರು ನಿಮ್ಮಲ್ಲೂ ಇರಬಹುದು. ಗಾಡಿಗೆ ನಿಮ್ಮಲ್ಲಿ ದಿನದ ಕೆಲಸ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಇದ್ದರೆ ಬೆಲೆಯ ಅರ್ಧದಷ್ಟು ದುಡ್ಡನ್ನು ಬೇರೆ ತೆಗೆದಿಡಿ. ಆರ್‌ಸಿಯ ಕೊನೆಯ ದಿನಾಂಕ ಓದಿ. ನೋಡಲು ಹೋಗುವಾಗ ಮಾತ್ರ ಹಳೇ ಅಂಗಿ ಹಾಕಿಕೊಂಡು ಹೋಗಿ. ಹೊಸ ಅಂಗಿ ಹಾಕಿಕೊಂಡು ಹೋದವರು ಗಾಡಿಯ ಕೆಳಗೆ ಮಲಗಿ ನೋಡುವುದಿಲ್ಲ. ನಾನು ನೋಡಿರಲಿಲ್ಲ.