ಅಟ್ಟದ ಮೇಲಿನ ದ್ರಾಕ್ಷಾರಸ

ಕಾನಾ ಊರಿನ ಮದುವೆಯ ಪ್ರಸಂಗವನ್ನು ಅರಿಯದ ಕಥೋಲಿಕ ಕುಟುಂಬವಿಲ್ಲ. ಉತ್ತಮವಾದ ದ್ರಾಕ್ಷಾರಸವನ್ನು ಕಡೆಯವರೆಗೆ ಉಳಿಸಿಕೊಂಡಿದ್ದಾರಲ್ಲ ಎಂದು ಅಲ್ಲಿ ಔತಣದ ಮೇಲ್ವಿಚಾರಕನು ಬೆರಗಾಗುತ್ತಾನೆ. ಉತ್ತಮವಾದುದನ್ನು ಕಡೆಯವರೆಗೆ ಉಳಿಸಿಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಜಾಂಬೋಟಿಯ ಒಂದು ಮದುವೆಮನೆ ನನಗೆ ತೋರಿಸಿಕೊಟ್ಟಿತು.

ವಧು ಹುಟ್ಟಿದ್ದು 1994ರಲ್ಲಿ. ಆಕೆಯ ತಂದೆ ಆಗ ಹಡಗಿನ ನೌಕರಿಯಲ್ಲಿದ್ದರು. ದೀಕ್ಷಾಸ್ನಾನ ಪಡೆದ ಕೂಸಿಗೆ ಧರ್ಮತಂದೆಯಾದವನು ಅದೇ ವರ್ಷದ ಪೋರ್ಟ್ ದ್ರಾಕ್ಷಾರಸವನ್ನು ಕೊಂಡಿಟ್ಟು, ಮಗು ಪ್ರಾಯಕ್ಕೆ ಬಂದಾಗ ತೆರೆಯುವ ರೂಢಿ ಇಂಗ್ಲೆಂಡಿನ ಮನೆತನಗಳಲ್ಲಿತ್ತು. ಇದನ್ನು ಹಡಗಿನ ಅಧಿಕಾರಿಯೊಬ್ಬರಿಂದ ಕೇಳಿದ್ದ ಅವರು 1997ರಲ್ಲಿ ಲಿಸ್ಬನ್ ಬಂದರಿನಲ್ಲಿ 1994ರ ಒಂದು ಬಾಟಲಿಯನ್ನು ಕೊಂಡರು. ಊರಿಗೆ ತಂದು ಕಂಬಳಿಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದಿರಲೆಂದು ಮಂಗಳೂರು ಹಂಚಿನ ಕೆಳಗಿನ ಅಟ್ಟದ ಮೇಲೆ ನಿಲ್ಲಿಸಿಟ್ಟರು. ಅಲ್ಲಿ ಅದು ಇಪ್ಪತ್ತೈದು ವರ್ಷ ನಿಂತಿತ್ತು.

2022ರಲ್ಲಿ ಮಗಳ ಮದುವೆಯ ರಾತ್ರಿ ಬಂಧುಗಳ ಮುಂದೆ ಅದನ್ನು ತೆರೆದಾಗ ಬೆಂಡಿನ ಬಿರಡೆ ಪುಡಿಪುಡಿಯಾಗಿ ಒಳಗೆ ಬಿತ್ತು. ರಸ ಬಾಟಲಿಯ ಹೆಗಲಿಗಿಂತ ಕೆಳಗೆ ಇಳಿದಿತ್ತು. ಬಣ್ಣ ಕಂದಿದ ಚಹದಂತೆ, ವಾಸನೆ ಹುಳಿ. ಯಾರೂ ಮಾತನಾಡಲಿಲ್ಲ. ಆ ತಂದೆ ನನ್ನ ಕಡೆ ತಿರುಗಿ, “ಇಷ್ಟ ವರ್ಷ ಜ್ವಾಕಿ ಮಾಡಿ ಇಟ್ಟಿದ್ದೆರಿ ಫಾದರ್, ಒಂದ ದಿನಾನೂ ಮುಟ್ಟಿಲ್ಲ. ನಂದೇನ ತಪ್ಪಾತ್ರಿ?” ಎಂದರು. ನಂತರ ತಮ್ಮ ಲೋಟಕ್ಕೆ ಅದನ್ನೇ ಸುರಿದುಕೊಂಡು, ಮುಖ ಕಿವುಚದೆ, ಪೂರ್ತಿ ಕುಡಿದರು. ಅಂದು ನಾನು ಸಮಾಧಾನದ ಮಾತನ್ನಾಡಿದೆನೇ ಹೊರತು ಉತ್ತರ ಕೊಡಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬಂದ ಉತ್ತರ.

ಮೊದಲು ಈ ಪಾನೀಯದ ಸ್ವಭಾವವನ್ನು ಅರಿಯಬೇಕು. ದ್ರಾಕ್ಷಿಯನ್ನು ಹಿಂಡಿಟ್ಟರೆ ಯೀಸ್ಟ್ ಎಂಬ ಸೂಕ್ಷ್ಮಜೀವಿ ಅದರ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಪೋರ್ಚುಗಲ್ಲಿನ ಉತ್ತರದಲ್ಲಿರುವ ಡೌರೊ ನದಿಯ ಕಣಿವೆಯಲ್ಲಿ ಈ ಹುದುಗು ಅರ್ಧದಾರಿಯಲ್ಲಿರುವಾಗಲೇ, ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲಿನಷ್ಟು ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಸಾರವನ್ನು ಬೆರೆಸುತ್ತಾರೆ. ಆ ಸಾರದ ತೀಕ್ಷ್ಣತೆ ಶೇಕಡಾ 77. ಯೀಸ್ಟ್ ಸಾಯುತ್ತದೆ, ಹುದುಗು ನಿಲ್ಲುತ್ತದೆ, ತಿನ್ನದೆ ಉಳಿದ ಸಕ್ಕರೆ ಸಿಹಿಯಾಗಿ ನಿಲ್ಲುತ್ತದೆ. ಕೊನೆಗೆ ದೊರೆಯುವ ಪೋರ್ಟ್‌ನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 19ರಿಂದ 22. ಬಲವರ್ಧಿತ ದ್ರಾಕ್ಷಾರಸವೆಂದರೆ ಇದೇ. ಈ ಬಲದಿಂದಲೇ ಅದು ದಶಕಗಳ ಕಾಲ ಬಾಳಬಲ್ಲದು.

ಡೌರೊ ಕಣಿವೆಗೆ 1756ರಲ್ಲಿ ಗಡಿ ಹಾಕಿ, ಕಲಬೆರಕೆಗೆ ಕಡಿವಾಣ ತೊಡಿಸಿದವನು ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್. ಮೂರೇ ವರ್ಷಗಳ ತರುವಾಯ, 1759ರಲ್ಲಿ, ಪೋರ್ಚುಗಲ್ಲಿನಿಂದಲೂ ಗೋವೆಯೂ ಸೇರಿದಂತೆ ಅದರ ವಸಾಹತುಗಳಿಂದಲೂ ಯೇಸುಸಭೆಯ ಗುರುಗಳನ್ನು ಹೊರಗಟ್ಟಿಸಿದವನೂ ಆತನೇ. ದ್ರಾಕ್ಷಾರಸದ ಶುದ್ಧತೆಯನ್ನು ಕಾಪಾಡಿದ ಕೈಯೇ ಸಂನ್ಯಾಸಿಗಳನ್ನು ದೇಶಾಂತರಗೊಳಿಸಿತು. ಇತಿಹಾಸದ ಗಸಿ ಬಾಟಲಿಯ ಗಸಿಗಿಂತ ಕಹಿ.

ಪೋರ್ಟ್ ಮಾಗುವುದು ಎರಡು ದಾರಿಗಳಲ್ಲಿ. ಒಂದು, ಮರದ ಪೀಪಾಯಿಯಲ್ಲಿ. ಅಲ್ಲಿ ಅದು ಅಲ್ಪಸ್ವಲ್ಪ ಗಾಳಿ ಕುಡಿಯುತ್ತ ಕೆಂಪು ಕಳೆದು ಕಂದುಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಟಾನಿ ಎಂದು ಹೆಸರು. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಎಂದು ಚೀಟಿಯಲ್ಲಿ ನಮೂದಿಸಿರುತ್ತಾರೆ. ಮಾಗಿಸುವ ಕೆಲಸ ಪೀಪಾಯಿಯಲ್ಲೇ ಮುಗಿದಿರುವುದರಿಂದ ಕೊಂಡವನು ಕಾಯಬೇಕಾಗಿಲ್ಲ. ಇನ್ನೊಂದು, ಬಾಟಲಿಯಲ್ಲಿ. ಬೆಳೆ ಅತ್ಯುತ್ತಮವಾದ ವರ್ಷಗಳಲ್ಲಿ ಮಾತ್ರ ‘ವಿಂಟೇಜ್’ ಎಂದು ಘೋಷಿಸಿ, ಕೊಯ್ಲಾದ ಎರಡು ಮೂರು ವರ್ಷಗಳೊಳಗೆ ಸೋಸದೆ ಬಾಟಲಿಗೆ ತುಂಬುತ್ತಾರೆ. 1963, 1977, 1994, 2011 ಅಂಥ ಕೀರ್ತಿಯ ವರ್ಷಗಳು. ಇದನ್ನು ಕೊಂಡವನೇ ಕಾಯಬೇಕು. ಇಪ್ಪತ್ತು, ಮೂವತ್ತು ವರ್ಷ ಕಾಯುವುದುಂಟು. ಆ ತಂದೆ ತಂದದ್ದು ಈ ಎರಡನೆಯ ಬಗೆಯದು.

ಇಂಥ ಬಾಟಲಿಯನ್ನು ಮಲಗಿಸಿಡಬೇಕು. ಆಗ ರಸ ಬಿರಡೆಗೆ ತಾಗಿ ಅದನ್ನು ಹಸಿಯಾಗಿಡುತ್ತದೆ. ನಿಲ್ಲಿಸಿದರೆ ಬಿರಡೆ ಒಣಗಿ ಕುಗ್ಗಿ ಗಾಳಿಗೆ ದಾರಿ ಬಿಡುತ್ತದೆ. ಕತ್ತಲೆ ಬೇಕು, ಅಲುಗಾಟವಿರಬಾರದು, ತಂಪು ಹನ್ನೆರಡರಿಂದ ಹದಿನೈದು ಡಿಗ್ರಿಯ ಸುಮಾರಿಗೆ ಸ್ಥಿರವಾಗಿರಬೇಕು. ವರ್ಷಗಳು ಕಳೆದಂತೆ ಬಾಟಲಿಯ ಒಂದು ಮಗ್ಗುಲಿಗೆ ಗಸಿ ಕಟ್ಟುತ್ತದೆ. ಅದು ಕದಡದಿರಲೆಂದು ಹಿಂದೆ ಬಾಟಲಿಯ ಮೇಲ್ಮಗ್ಗುಲಿಗೆ ಸುಣ್ಣದಂಥ ಬಿಳಿ ಬಣ್ಣದ ಗುರುತು ಹಚ್ಚುತ್ತಿದ್ದರು. ಎಲ್ಲಿಗೆ ಸಾಗಿಸಿದರೂ ಆ ಗುರುತು ಮೇಲೆಯೇ ಇರಬೇಕು.

ಜಾಂಬೋಟಿಯ ಅಟ್ಟ ಇದಕ್ಕೆ ತೀರ ವಿರುದ್ಧವಾದ ತಾಣ. ಏಪ್ರಿಲ್ ತಿಂಗಳಲ್ಲಿ ಹಂಚು ಕಾಯುತ್ತದೆ, ಜೂನ್ ಬಂತೆಂದರೆ ಸಹ್ಯಾದ್ರಿಯ ಮಳೆ ಅದನ್ನು ಒಮ್ಮೆಲೇ ತಣಿಸುತ್ತದೆ. ಆದರೆ ಒಂದು ವಿಚಿತ್ರವನ್ನು ಹೇಳಲೇಬೇಕು. ಪೋರ್ಚುಗಲ್ಲಿಗೇ ಸೇರಿದ ಮದೇರಾ ದ್ವೀಪದ ಬಲವರ್ಧಿತ ದ್ರಾಕ್ಷಾರಸ ತಂದಿದ್ದರೆ ಆ ಅಟ್ಟ ಅದಕ್ಕೆ ಅಷ್ಟೊಂದು ಕೇಡು ಮಾಡುತ್ತಿರಲಿಲ್ಲ. ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯವನ್ನು ದಾಟಿ, ಇಂಡಿಯಾ ದೇಶಕ್ಕೆ ಹೋಗಿ ಮರಳಿದ ಮದೇರಾ ಇನ್ನಷ್ಟು ರುಚಿಕರವಾದುದನ್ನು ಹಿಂದಿನ ವ್ಯಾಪಾರಿಗಳು ಕಂಡುಕೊಂಡರು. ಅಂದಿನಿಂದ ಅದನ್ನು ಬೇಕೆಂದೇ ಬಿಸಿಯಲ್ಲಿ ಮಾಗಿಸುತ್ತಾರೆ. ಉತ್ತಮ ಬಗೆಯ ಪೀಪಾಯಿಗಳನ್ನು ಛಾವಣಿಯ ಕೆಳಗಿನ ಅಟ್ಟದಲ್ಲೇ ವರ್ಷಗಟ್ಟಲೆ ಇಡುತ್ತಾರೆ. ಅದರ ಬಾಟಲಿಯನ್ನು ನಿಲ್ಲಿಸಿಡುವುದೇ ವಾಡಿಕೆ. ಒಂದನ್ನು ಕೊಂದ ತಾಪ ಇನ್ನೊಂದಕ್ಕೆ ಸಂಸ್ಕಾರ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುವಾಗ ಅರಿಸ್ಟಾಟಲನ ಒಂದು ವಿಚಾರವನ್ನು ನಮಗೆ ಮತ್ತೆ ಮತ್ತೆ ಬೋಧಿಸುತ್ತಿದ್ದರು: ಪ್ರತಿಯೊಂದು ವಸ್ತುವಿನಲ್ಲಿ ಅದಕ್ಕೇ ವಿಶಿಷ್ಟವಾದ ಸಾಧ್ಯತೆಯೊಂದು ಅಡಗಿರುತ್ತದೆ, ತಕ್ಕ ಕಾರಣಗಳು ಕೂಡಿದಾಗ ಮಾತ್ರ ಅದು ಸಿದ್ಧಿಗೆ ಬರುತ್ತದೆ. ಕಾಲವೊಂದೇ ಏನನ್ನೂ ಮಾಗಿಸುವುದಿಲ್ಲ. ಕಾಲವೊಂದೇ ಏನನ್ನೂ ಕೆಡಿಸುವುದೂ ಇಲ್ಲ. ಆ ತಂದೆಯ ತಪ್ಪು ಪ್ರೀತಿಯ ಕೊರತೆಯಲ್ಲ. ‘ಮುಟ್ಟದೆ ಇಟ್ಟೆ’ ಎಂಬುದನ್ನೇ ‘ಕಾಪಾಡಿದೆ’ ಎಂದು ಅವರು ತಿಳಿದರು. ತಾನು ಕಾಯುತ್ತಿರುವುದರ ಸ್ವಭಾವವೇನು, ಅದಕ್ಕೆ ಏನು ಬೇಕು ಎಂದು ಕೇಳಿಕೊಳ್ಳಲಿಲ್ಲ. ಮಕ್ಕಳ ವಿಷಯದಲ್ಲಿ ನಾವೂ ಕೆಲವೊಮ್ಮೆ ಹೀಗೆಯೇ. ಒಬ್ಬ ಮಗನನ್ನು ಬೆಳೆಸಿದ ಬಿಸಿ ಇನ್ನೊಬ್ಬನನ್ನು ಒಣಗಿಸಬಹುದು.

ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಎಳೆಯ ಗುರುವಾಗಿದ್ದಾಗ ಮಳೆಗಾಲದ ಒಂದು ಮುಂಜಾನೆ ಪೀಠದ ಮುಂದೆ ನಿಂತು ಕುಡಿಕೆಯನ್ನು ಎತ್ತಿದರೆ ಹುಳಿವಾಸನೆ ಬಂತು. ವಾರಗಳ ಹಿಂದೆ ತೆರೆದ ಬಾಟಲಿಯನ್ನು ನಾನೇ ಲಕ್ಷ್ಯವಿಲ್ಲದೆ ಬಿಟ್ಟಿದ್ದೆ. ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯ ಸಹಜ ಫಲವಾಗಿರಬೇಕು, ಕೆಟ್ಟಿರಬಾರದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ. ವಿನೆಗರ್ ಆದದ್ದರಲ್ಲಿ ಸಂಸ್ಕಾರವಿಲ್ಲ. ಹೊಸ ಬಾಟಲಿ ಬರುವವರೆಗೆ ಜನ ಮೊಣಕಾಲೂರಿ ಕಾದರು. ಕೆಡದಂತೆ ಉಳಿಸಲು ದ್ರಾಕ್ಷಿಯದೇ ಸಾರವನ್ನು ಮಿತವಾಗಿ ಸೇರಿಸಲು ರೋಮ್ 19ನೆಯ ಶತಮಾನದ ಕೊನೆಯಲ್ಲಿ ಅನುಮತಿ ನೀಡಿತು. ಒಟ್ಟು ಬಲ ಶೇಕಡಾ ಹದಿನೆಂಟನ್ನು ಮೀರುವಂತಿಲ್ಲ. ಆದ್ದರಿಂದ ಸಾಮಾನ್ಯ ಪೋರ್ಟ್ ಊಟದ ಮೇಜಿಗೆ ಸಲ್ಲುತ್ತದೆಯೇ ಹೊರತು ಪೀಠಕ್ಕಲ್ಲ.

ನಮ್ಮ ಮನೆಗಳಲ್ಲಿ ಇಂಥ ಬಾಟಲಿಯಿದ್ದರೆ ಎಲ್ಲಿಡಬೇಕು? ಬಯಲುಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ಹುಗಿದು ಕಾಪಾಡುತ್ತಿದ್ದರು. ಖಾನಾಪುರದ ಕಾಡಂಚಿನ ಒದ್ದೆ ನೆಲಕ್ಕೆ ಅದು ಒಗ್ಗದು. ದಪ್ಪ ಗೋಡೆಯ, ಕಿಟಕಿಯಿಲ್ಲದ ಕೆಳಗಿನ ಕೋಣೆಯೇ ಮೇಲು. ಒಲೆಯಿಂದ ದೂರ, ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿದರೆ ತಾಪದ ಏರಿಳಿತ ಕಡಿಮೆಯಾಗುತ್ತದೆ. ತೆರೆಯುವ ಹಿಂದಿನ ದಿನ ನಿಲ್ಲಿಸಿ ಗಸಿಯನ್ನು ತಳಕ್ಕಿಳಿಸಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸುತ್ತ ಬೇರೆ ಪಾತ್ರೆಗೆ ನಿಧಾನವಾಗಿ ಬಗ್ಗಿಸಿ, ಕೊನೆಯ ಗುಟುಕನ್ನು ಬಿಟ್ಟುಬಿಡಬೇಕು. ಹಳೆಯ ವಿಂಟೇಜನ್ನು ಒಂದೆರಡು ದಿನಗಳಲ್ಲಿ ಮುಗಿಸಬೇಕು. ಟಾನಿ ಕೆಲವು ವಾರ, ಮದೇರಾ ತಿಂಗಳುಗಟ್ಟಲೆ ತಾಳುತ್ತದೆ. ಮೊದಲು ಬಣ್ಣ ನೋಡಿ, ಆಮೇಲೆ ಮೂಸಿ, ಕಡೆಗೆ ಚಿಕ್ಕ ಗುಟುಕು. ಒಣದ್ರಾಕ್ಷಿ, ಅಂಜೂರ, ಬಾದಾಮಿಯ ನೆನಪು ಬಂದರೆ ಅದು ಚೆನ್ನಾಗಿ ಮಾಗಿದೆ.

ಚೋರ್ಲಾ ಘಾಟಿನ ಆಚೆ ಗೋವೆಯಲ್ಲಿ ದೊರೆಯುವ ‘ಪೋರ್ಟ್’ ಬೇರೆಯೇ ಜಾತಿ. ಅದಕ್ಕೆ ಹೆಚ್ಚಾಗಿ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯೇ ಮೂಲ. ಸಿಹಿಯಾಗಿ, ಎಳೆಯದಿರುವಾಗಲೇ ಕುಡಿಯಲೆಂದು ಮಾಡಿದ್ದು; ಹತ್ತು ವರ್ಷ ಇಟ್ಟರೆ ಏನೂ ಗಳಿಸದು. ಅಲ್ಲಿಂದ ತರುವವರು ಅಬಕಾರಿ ನಿಯಮವನ್ನು ಮೀರಬಾರದು. ಇನ್ನೊಂದು ಮಾತು: ಪೋರ್ಟ್‌ನ ಬಲ ವಿಸ್ಕಿಯ ಸುಮಾರು ಅರ್ಧದಷ್ಟು, ಸಿಹಿ ಅದನ್ನು ಮರೆಮಾಡುತ್ತದೆ. ಊಟದ ಕೊನೆಗೆ ಒಂದು ಸಣ್ಣ ಲೋಟ ಸಾಕು. ಕುಡಿತದಿಂದ ಸೊರಗಿದ ಮನೆಗಳ ಕಣ್ಣೀರನ್ನು ಕಂಡವನಾಗಿ ಹೇಳುತ್ತಿದ್ದೇನೆ, ಆ ಮನೆಗಳಿಗೆ ಒಂದು ಲೋಟವೂ ಬೇಡ.

ತರುವಾಯ ಆ ಮಗಳಿಗೆ ಕೂಸು ಹುಟ್ಟಿತು. ದೀಕ್ಷಾಸ್ನಾನದ ದಿನ ಅಜ್ಜನಾದ ಅವರು ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಇಪ್ಪತ್ತು ವರ್ಷದ ಟಾನಿ. ಮೊಮ್ಮಗುವಿಗಾಗಿ ವಿಂಟೇಜ್ ಇಡುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು. “ಇದಕ್ಕ ಯಾರೋ ತಿಳದವರು ಇಪ್ಪತ್ತ ವರ್ಷ ಕಾದಾರ್ರಿ ಫಾದರ್. ನಾವು ಇವತ್ತ ಕುಡಿಯೂಣು” ಎಂದು ಮೊದಲ ಲೋಟವನ್ನು ಮಗಳ ಕೈಗಿತ್ತರು.