ಹೆಸರು ನೋಡಬೇಡಿ, ವ್ಯಾಟ್ ಕೇಳಿ

ಪಿಯುಸಿ ಫಲಿತಾಂಶ ಬಂದು ಇಂಜಿನಿಯರಿಂಗ್ ಅಥವಾ ಬಿಸಿಎ ಸೀಟು ಗಟ್ಟಿಯಾದ ಮನೆಗಳಲ್ಲಿ ಮುಂದಿನ ಮಾತು ಲ್ಯಾಪ್‌ಟಾಪಿನದು. ಮಕ್ಕಳು ಗೇಮಿಂಗ್ ಲ್ಯಾಪ್‌ಟಾಪೇ ಬೇಕೆನ್ನುತ್ತಾರೆ. ‘ಓದೋದಕ್ಕೆ ಅಂತ ಕೊಡಿಸೋದು, ಆಟದ್ದು ಯಾಕಪ್ಪಾ?’ ಎಂದು ಹೆತ್ತವರು ಕೇಳುತ್ತಾರೆ. ಅರವತ್ತರಿಂದ ಎಂಬತ್ತು ಸಾವಿರ ರೂಪಾಯಿ ಎಂದರೆ ಮಧ್ಯಮ ವರ್ಗದ ಮನೆಗೆ ಸಣ್ಣ ಮೊತ್ತವಲ್ಲ. ಹಾಗಾಗಿ ಹೆತ್ತವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನೇರವಾದ ಉತ್ತರವೂ ಇದೆ.

2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಅವರ ಗುರು ಜೆಫ್ರಿ ಹಿಂಟನ್ ಸೇರಿ ಚಿತ್ರಗಳನ್ನು ಗುರುತಿಸುವ ಒಂದು ಪ್ರೋಗ್ರಾಂ ತಯಾರಿಸಿದರು. ಸುಮಾರು 12 ಲಕ್ಷ ಫೋಟೊಗಳನ್ನು ತೋರಿಸಿ ಅದಕ್ಕೆ ತರಬೇತಿ ಕೊಟ್ಟರು. ಇಂದಿನ ಎಐ ಅಬ್ಬರದ ಆರಂಭವನ್ನು ಹಲವರು ಗುರುತಿಸುವುದು ಆ ಕೆಲಸದಲ್ಲಿ. ಅದಕ್ಕೆ ಅವರು ಬಳಸಿದ್ದು ಸೂಪರ್ ಕಂಪ್ಯೂಟರನ್ನಲ್ಲ. ಆಟವಾಡುವವರಿಗೆಂದೇ ಮಾರುತ್ತಿದ್ದ, ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 580 ಎಂಬ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು. ಒಂದೊಂದರಲ್ಲಿ ಇದ್ದದ್ದು 3 ಜಿಬಿ ಮೆಮೊರಿ. ತರಬೇತಿ ಐದಾರು ದಿನದಲ್ಲಿ ಮುಗಿಯಿತು. ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆಟದ ಯಂತ್ರವೂ ಓದಿನ ಯಂತ್ರವೂ ಒಂದೇ ಆಗಬಲ್ಲವು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದು ಸಾಧ್ಯವಾಗುವುದು ಗ್ರಾಫಿಕ್ಸ್ ಚಿಪ್ಪಿನ ರಚನೆಯಿಂದ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕೆಯ ಬಣ್ಣವನ್ನು ಸೆಕೆಂಡಿಗೆ 60 ಸಲ ಲೆಕ್ಕ ಹಾಕಬೇಕೆಂದರೆ 12 ಕೋಟಿ ದಾಟುತ್ತದೆ. ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಘಟಕಗಳು, ಅಂದರೆ ಕೋರ್‌ಗಳು, ಕೆಲವೇ ಇರುತ್ತವೆ. ಅವು ಜಾಣ ಕೋರ್‌ಗಳು, ಯಾವ ಕೆಲಸ ಕೊಟ್ಟರೂ ಮಾಡುತ್ತವೆ, ಆದರೆ ಇಷ್ಟು ದೊಡ್ಡ ಲೆಕ್ಕವನ್ನು ಒಟ್ಟಿಗೆ ಹೊರಲಾರವು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಸಣ್ಣ ಕೋರ್‌ಗಳು ಸಾವಿರಗಟ್ಟಲೆ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಚಿಪ್ಪುಗಳಾದ ಆರ್‌ಟಿಎಕ್ಸ್ 4050ರಲ್ಲಿ 2560, 4060ರಲ್ಲಿ 3072. ನಾಟಿ ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಿಂತ ಆಳುಗಳ ಹಾಗೆ ಎಲ್ಲವೂ ಏಕಕಾಲಕ್ಕೆ ಒಂದೇ ಕೆಲಸ ಮಾಡುತ್ತವೆ: ಗುಣಿಸುವುದು, ಕೂಡುವುದು. ಟೊರಾಂಟೊದ ಆ ಪ್ರೋಗ್ರಾಮಿನಂಥ ನ್ಯೂರಲ್ ನೆಟ್‌ವರ್ಕಿನ ತರಬೇತಿಯಲ್ಲಿ ನಡೆಯುವುದೂ ಬಹುಪಾಲು ಇದೇ ಗುಣಾಕಾರ, ಸಂಕಲನ. ಬ್ಲೆಂಡರ್ ತಂತ್ರಾಂಶದಲ್ಲಿ ತ್ರೀಡಿ ದೃಶ್ಯ ರೆಂಡರ್ ಮಾಡುವಾಗ, ಡಾವಿಂಚಿ ರಿಸಾಲ್ವ್‌ನಲ್ಲಿ ಮದುವೆ ವಿಡಿಯೊಗೆ ಬಣ್ಣ ತಿದ್ದುವಾಗ ದುಡಿಯುವುದೂ ಇವೇ ಕೋರ್‌ಗಳು.

ಹಾಗಾದರೆ ದೊಡ್ಡ ನಂಬರಿನ ಕಾರ್ಡ್ ಇರುವ ಲ್ಯಾಪ್‌ಟಾಪ್ ತಂದರೆ ಮುಗಿಯಿತಲ್ಲವೇ? ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಡೆಸ್ಕ್‌ಟಾಪಿಗೆ ಕಾರ್ಡ್ ಕೊಂಡರೆ ಅದಕ್ಕೆಷ್ಟು ವಿದ್ಯುತ್ ಎಂಬುದು ಹೆಚ್ಚುಕಮ್ಮಿ ನಿಗದಿಯಾಗಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಹಾಗಿಲ್ಲ. ಅದೇ ಚಿಪ್ಪಿಗೆ ಎಷ್ಟು ವ್ಯಾಟ್ ಕೊಡಬೇಕೆಂದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ ತೀರ್ಮಾನಿಸುತ್ತದೆ. 4050ಕ್ಕೆ ಎನ್‌ವಿಡಿಯಾ ಕೊಟ್ಟಿರುವ ಅವಕಾಶ 35ರಿಂದ 115 ವ್ಯಾಟ್. ಹಳೆಯ 3050ಕ್ಕೆ 35ರಿಂದ 80. ಇದನ್ನು ಟಿಜಿಪಿ ಎನ್ನುತ್ತಾರೆ, ಅಂದರೆ ಗ್ರಾಫಿಕ್ಸ್ ಭಾಗ ಗರಿಷ್ಠ ಎಳೆದುಕೊಳ್ಳಬಹುದಾದ ವಿದ್ಯುತ್. ತೆಳ್ಳಗಿನ ಮಾದರಿಯಲ್ಲಿ 45 ವ್ಯಾಟ್ ಕೊಟ್ಟರೂ ದಪ್ಪ ಮಾದರಿಯಲ್ಲಿ 100 ಕೊಟ್ಟರೂ ಮುಂದೆ ಅಂಟಿಸಿರುವ ಸ್ಟಿಕ್ಕರ್ ಒಂದೇ.

ವ್ಯಾಟ್ ಮೂರು ಪಟ್ಟಾದರೆ ವೇಗವೂ ಮೂರು ಪಟ್ಟಾಗುವುದಿಲ್ಲ. ಇದರ ಹಿಂದೆ ಸರಳ ಭೌತವಿಜ್ಞಾನವಿದೆ. ಚಿಪ್ಪು ಬಳಸುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಹೆಚ್ಚಿಸಬೇಕೆಂದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಹೀಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ವಿಪರೀತ ವಿದ್ಯುತ್ ತೆರಬೇಕಾಗುತ್ತದೆ. ಎನ್‌ವಿಡಿಯಾ ಪ್ರಕಟಿಸಿರುವ ಅಂಕಿಗಳಲ್ಲೇ ಇದು ಕಾಣುತ್ತದೆ: 4050ರ ಬೂಸ್ಟ್ ವೇಗ, ಅಂದರೆ ಗರಿಷ್ಠ ವೇಗ, ಕಡಿಮೆ ವ್ಯಾಟಿನ ಮಾದರಿಯಲ್ಲಿ 1605 ಮೆಗಾಹರ್ಟ್ಸ್, ಹೆಚ್ಚಿನದರಲ್ಲಿ 2370. ವಿದ್ಯುತ್ ಮೂರು ಪಟ್ಟು, ವೇಗ ಒಂದೂವರೆ ಪಟ್ಟು. ಕೊಳ್ಳುವವರಿಗೆ ಇದರಿಂದ ಎರಡು ಪಾಠ. ತೀರಾ ಕಡಿಮೆ ವ್ಯಾಟಿನ ಮಾದರಿಯಲ್ಲಿ ಕೊಟ್ಟ ಹಣಕ್ಕೆ ತಕ್ಕ ಚಿಪ್ಪು ಸಿಕ್ಕಿದಂತಾಗದು. ಹಾಗೆಯೇ 95 ಮತ್ತು 115 ವ್ಯಾಟಿನ ನಡುವಣ ವ್ಯತ್ಯಾಸಕ್ಕೆ ಹೆಚ್ಚಿಗೆ ಹಣ ಸುರಿಯುವುದೂ ಬೇಡ. 4050 ಅಥವಾ 4060 ಕೊಳ್ಳುವವರು 75 ವ್ಯಾಟಿಗಿಂತ ಕೆಳಗಿನದನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಅಂಗಡಿಯಲ್ಲೇ ಪತ್ತೆ ಮಾಡಬಹುದು. ಬೆಂಗಳೂರಿನ ಎಸ್‌.ಪಿ. ರೋಡಿಗೋ ನಿಮ್ಮ ಊರಿನ ಶೋರೂಮಿಗೋ ಹೋದಾಗ ಡೆಮೊಗೆ ಇಟ್ಟಿರುವ ಯಂತ್ರವನ್ನು ಆನ್ ಮಾಡಿಸಿ. ಅದರಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದರೆ ಎಡಗಡೆ ಕೆಳಮೂಲೆಯಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ ಎಂಬ ಸಣ್ಣ ಕೊಂಡಿ ಇರುತ್ತದೆ. ಒತ್ತಿದರೆ ಬರುವ ಪಟ್ಟಿಯಲ್ಲಿ ಕೋರ್‌ಗಳ ಸಂಖ್ಯೆ, ಮೆಮೊರಿ ಮತ್ತು ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲು ಕಾಣುತ್ತವೆ. ನಿಮಗೆ ಬೇಕಾದ ಅಂಕಿ ಅದೇ ಸಾಲಿನಲ್ಲಿದೆ. ‘ಡೈನಾಮಿಕ್ ಬೂಸ್ಟ್’ ಎಂಬ ಸೌಲಭ್ಯವಿದ್ದರೆ ಆ ಅಂಕಿಯಲ್ಲಿ 15–25 ವ್ಯಾಟ್ ಪ್ರೊಸೆಸರಿನ ಪಾಲಿನಿಂದ ಎರವಲು ಬರುವಂಥದ್ದು. ಪ್ರೊಸೆಸರಿಗೆ ಕೆಲಸ ಹೆಚ್ಚಾದಾಗ ಅದು ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಕಂಪನಿಗಳು ವ್ಯಾಟ್ ಕಡಿಮೆ ಮಾಡುವುದೇಕೆ? ಬಿಸಿಗೆ ಹೆದರಿ. ಲ್ಯಾಪ್‌ಟಾಪ್ ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಗ್ರಾಫಿಕ್ಸಿನ 100 ವ್ಯಾಟಿಗೆ ಪ್ರೊಸೆಸರಿನ 45 ಸೇರಿಸಿ. ಅಷ್ಟೂ ಬಿಸಿ ಎರಡೂವರೆ ಸೆಂಟಿಮೀಟರ್ ದಪ್ಪದ ಪೆಟ್ಟಿಗೆಯಿಂದ ಆಚೆ ಹೋಗಬೇಕು. ಈ ಕೆಲಸ ಮಾಡುವ ಹೀಟ್ ಪೈಪ್ ಒಂದು ಸೊಗಸಾದ ಸಾಧನ. ಚಪ್ಪಟೆ ಮಾಡಿದ ತಾಮ್ರದ ಕೊಳವೆ, ಎರಡೂ ತುದಿ ಮುಚ್ಚಿದೆ, ಒಳಗಿನ ಗಾಳಿ ತೆಗೆದು ಒಂದಿಷ್ಟು ನೀರು ತುಂಬಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆ ಬಹಳ ಮೊದಲೇ ಆವಿಯಾಗುತ್ತದೆ. ಚಿಪ್ಪಿನ ಮೇಲೆ ಕುಳಿತ ತುದಿಯಲ್ಲಿ ಆವಿಯಾದದ್ದು ಇನ್ನೊಂದು ತುದಿಗೆ ಧಾವಿಸಿ, ಅಲ್ಲಿ ಫ್ಯಾನಿನ ಗಾಳಿಗೆ ಒಡ್ಡಿದ ತೆಳು ಲೋಹದ ಹಾಳೆಗಳಿಗೆ ಬಿಸಿ ಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳು ಆ ನೀರನ್ನು ಹೀರಿ ಚಿಪ್ಪಿನ ಕಡೆಗೆ ವಾಪಸ್ ತರುತ್ತವೆ. ಪಂಪಿಲ್ಲ, ಸವೆಯುವ ಭಾಗವಿಲ್ಲ.

ಇಷ್ಟಾದರೂ ಬಿಸಿ ಮಿಕ್ಕಿದರೆ? ಪ್ರೊಸೆಸರ್ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಗ್ರಾಫಿಕ್ಸ್ ಚಿಪ್ಪು ಇನ್ನೂ ಸ್ವಲ್ಪ ಮೊದಲೇ ತಗ್ಗಿಸುತ್ತದೆ. ಆಟ ಶುರುವಾದ ಮೊದಲ ಹತ್ತು ನಿಮಿಷ ನುಣುಪಾಗಿ ಓಡಿ ಆಮೇಲೆ ಎಳೆದಾಡುವುದು ಇದರಿಂದಲೇ. ಯೂಟ್ಯೂಬಿನಲ್ಲಿ ಎರಡು ನಿಮಿಷದ ಪರೀಕ್ಷೆ ತೋರಿಸುವ ವಿಡಿಯೊಗಳನ್ನು ನಂಬಬೇಡಿ. ಅರ್ಧ ಗಂಟೆ ಓಡಿಸಿದವರ ಅಂಕಿಗಳನ್ನು ಹುಡುಕಿ.

ನಮ್ಮ ಊರುಗಳಿಗೆ ಇಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಬಿಸಿ ಎಷ್ಟು ಬೇಗ ಹೊರಹೋಗುತ್ತದೆ ಎಂಬುದು ಚಿಪ್ಪಿಗೂ ಕೋಣೆಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. ಪರೀಕ್ಷೆಗಳು ಸಾಮಾನ್ಯವಾಗಿ ಎಸಿ ಕೋಣೆಯಲ್ಲಿ ನಡೆಯುತ್ತವೆ. ಅಲ್ಲಿ ಕೋಣೆ 25 ಡಿಗ್ರಿ, ಚಿಪ್ಪು 95 ಎಂದುಕೊಂಡರೆ ಅಂತರ 70. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನ ಅಥವಾ ಕಲಬುರಗಿಯ ಒಂದು ಕೋಣೆ 42 ಡಿಗ್ರಿ ಇದ್ದರೆ ಅಂತರ 53ಕ್ಕೆ ಇಳಿಯಿತು. ಅದೇ ಫ್ಯಾನು, ಅದೇ ಪೈಪು, ಆದರೆ ಹೊರಹಾಕಬಲ್ಲ ಬಿಸಿ ಸುಮಾರು ಕಾಲು ಭಾಗ ಕಡಿಮೆ. ಮಡಿಕೇರಿಯ ವಿದ್ಯಾರ್ಥಿಗೆ ಸಾಕಾಗುವ ತೆಳು ಲ್ಯಾಪ್‌ಟಾಪ್ ರಾಯಚೂರಿನ ವಿದ್ಯಾರ್ಥಿಗೆ ಸಾಲದು. ಬಿಸಿಲು ನಾಡಿನವರು ತೂಕ ಅರ್ಧ ಕಿಲೊ ಹೆಚ್ಚಾದರೂ ಪರವಾಗಿಲ್ಲ, ಎರಡು ಫ್ಯಾನು, ಹಿಂದೆಯೂ ಪಕ್ಕದಲ್ಲೂ ಗಾಳಿ ಹೋಗುವ ದೊಡ್ಡ ಕಿಂಡಿಗಳಿರುವ ದಪ್ಪ ಮಾದರಿಯನ್ನೇ ತೆಗೆದುಕೊಳ್ಳಲಿ. ಹಾಸಿಗೆಯ ಮೇಲಿಟ್ಟು ಆಡುವುದು ಬೇಡವೇ ಬೇಡ, ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲಿದೆ. ಹಿಂಬದಿಗೆ ಎರಡು ಬೆರಳು ಎತ್ತರದ ಮರದ ಪಟ್ಟಿ ಕೊಟ್ಟರೂ ಉಷ್ಣಾಂಶ ಕೆಲವು ಡಿಗ್ರಿ ಇಳಿಯುತ್ತದೆ. ವರ್ಷಕ್ಕೊಮ್ಮೆ ತಳ ಬಿಚ್ಚಿಸಿ ಫ್ಯಾನಿನ ಧೂಳು ತೆಗೆಸಿ.

ಇನ್ನು ಮೆಮೊರಿ. ಗ್ರಾಫಿಕ್ಸ್ ಕಾರ್ಡಿನದೇ ಮೆಮೊರಿಯಾದ ವಿ-ರ‍್ಯಾಮ್ ಅನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಂಡಾಗ ಎಷ್ಟೋ ಅಷ್ಟೇ. ಓದಿಗೆ ಇದು ಬಹಳ ಮುಖ್ಯ. 700 ಕೋಟಿ ಪ್ಯಾರಾಮೀಟರಿನ (ತರಬೇತಿಯಲ್ಲಿ ಕಲಿತ ಅಂಕಿಗಳ) ಭಾಷಾ ಮಾದರಿಯೊಂದನ್ನು ನಿಮ್ಮ ಯಂತ್ರದಲ್ಲೇ ಓಡಿಸುವುದಾದರೆ, ಪ್ರತಿ ಪ್ಯಾರಾಮೀಟರಿಗೆ 16 ಬಿಟ್‌ನಂತೆ 14 ಜಿಬಿ ಬೇಕು. 4 ಬಿಟ್‌ಗೆ ಕುಗ್ಗಿಸಿದರೆ 3.5 ಜಿಬಿ, ಅದರ ಮೇಲೆ ಲೆಕ್ಕಾಚಾರಕ್ಕೆ ಜಾಗ ಬೇರೆ. ಹೀಗಾಗಿ 4 ಜಿಬಿಯ ಕಾರ್ಡಿನಲ್ಲಿ ಉಸಿರುಗಟ್ಟುತ್ತದೆ, 6 ಜಿಬಿಯಲ್ಲಿ ನಡೆಯುತ್ತದೆ, 8 ಜಿಬಿಯಲ್ಲಿ ಆರಾಮ. ಈಚಿನ ದೊಡ್ಡ ಆಟಗಳಿಗೂ ಇದೇ ಮಾತು. ಆದ್ದರಿಂದ 4 ಜಿಬಿಯ 2050 ಮತ್ತು ಹಳೆಯ 3050 ಕಾರ್ಡುಗಳನ್ನು ಹೊಸದಾಗಿ ಕೊಳ್ಳಬೇಡಿ ಎನ್ನುತ್ತೇನೆ. ವ್ಯಾಲೊರೆಂಟ್‌ನಂಥ ಹಗುರ ಆಟ ಅವುಗಳಲ್ಲೂ ಚೆನ್ನಾಗಿ ಓಡುತ್ತದೆ, ಆದರೆ ನಾಲ್ಕು ವರ್ಷದ ಕೋರ್ಸಿಗೆ ಅದು ಸಾಲದು.

ಮಾಮೂಲಿ ರ‍್ಯಾಮ್ 16 ಜಿಬಿ ಇರಲಿ. ಬೆಲೆ ಇಳಿಸಲು ಕೆಲವರು ಒಂದೇ ಸ್ಟಿಕ್ ಹಾಕಿ ಇನ್ನೊಂದು ಸ್ಲಾಟನ್ನು ಖಾಲಿ ಬಿಡುತ್ತಾರೆ. ಎರಡು ಸ್ಟಿಕ್ಕಿದ್ದರೆ ಪ್ರೊಸೆಸರಿಗೆ ದತ್ತಾಂಶ ಎರಡು ದಾರಿಯಲ್ಲಿ ಬರುತ್ತದೆ, ಒಂದಿದ್ದರೆ ಅರ್ಧ ದಾರಿ ಬಂದ್. ಖಾಲಿ ಸ್ಲಾಟ್ ಇರುವುದು ತಪ್ಪಲ್ಲ, ಮುಂದೆ ಹಣ ಬಂದಾಗ ತುಂಬಬಹುದು. ಬೋರ್ಡಿಗೇ ಬೆಸುಗೆ ಹಾಕಿದ 8 ಜಿಬಿ ಮಾತ್ರ ಬೇಡ. 512 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ತೋರಿಸುವುದು 476. ರೆಡ್ ಡೆಡ್ ರಿಡೆಂಪ್ಷನ್ 2 ಎಂಬ ಒಂದೇ ಆಟ 150 ಜಿಬಿ ಕೇಳುತ್ತದೆ. ಎರಡನೇ ಎಸ್‌ಎಸ್‌ಡಿಗೆ ಸ್ಲಾಟ್ ಇದೆಯೇ ನೋಡಿ.

ಪರದೆಯ ವಿಷಯದಲ್ಲಿ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ) ಎಂಬ ಅಂಕಿಯನ್ನು ಎಲ್ಲರೂ ದೊಡ್ಡದಾಗಿ ಬರೆಯುತ್ತಾರೆ. ಪಕ್ಕದಲ್ಲಿ ಬಣ್ಣಗಳ ವ್ಯಾಪ್ತಿ ‘45% ಎನ್‌ಟಿಎಸ್‌ಸಿ’ ಎಂದು ಸಣ್ಣಕ್ಕೆ ಬರೆದಿದ್ದರೆ ಆ ಪರದೆಯ ಬಣ್ಣಗಳು ಮಂಕು. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕೋಡಿಂಗಿಗೂ ಆಟಕ್ಕೂ ಅಡ್ಡಿಯಿಲ್ಲ. ಫೋಟೊ, ವಿಡಿಯೊ, ವಿನ್ಯಾಸ ಕಲಿಯುವವರು ‘100% ಎಸ್‌ಆರ್‌ಜಿಬಿ’ ಎಂದಿರುವುದನ್ನೇ ಹುಡುಕಬೇಕು.

ಬ್ಯಾಟರಿಯಲ್ಲಿ ಗಂಟೆಗಟ್ಟಲೆ ಆಡುವ ಆಸೆ ಇಟ್ಟುಕೊಳ್ಳಬೇಡಿ. ಈ ಬೆಲೆಯ ಯಂತ್ರಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ 50–60 ವ್ಯಾಟ್-ಅವರ್. ನೂರು ವ್ಯಾಟ್ ಎಳೆದರೆ ಅರ್ಧ ಗಂಟೆಯಲ್ಲೇ ಖಾಲಿಯಾಗಬೇಕು, ಅದಕ್ಕೇ ಚಾರ್ಜರ್ ತೆಗೆದ ತಕ್ಷಣ ಯಂತ್ರ ಗ್ರಾಫಿಕ್ಸಿನ ವ್ಯಾಟನ್ನು ಕತ್ತರಿಸುತ್ತದೆ. ಚಾರ್ಜರುಗಳು 100ರಿಂದ 240 ವೋಲ್ಟ್ ತಡೆದುಕೊಳ್ಳುವುದರಿಂದ ಸಂಜೆ ವೋಲ್ಟೇಜ್ ಕುಸಿಯುವ ಊರುಗಳಲ್ಲೂ ಸ್ಟೆಬಿಲೈಸರ್ ಬೇಕಿಲ್ಲ. ಅರ್ಥಿಂಗ್ ಮಾತ್ರ ಇರಲೇಬೇಕು. ಲೋಹದ ಮೈ ಮುಟ್ಟಿದಾಗ ಜುಮ್ ಎಂದರೆ ಹೆಚ್ಚಾಗಿ ದೋಷ ಲ್ಯಾಪ್‌ಟಾಪಿನದಲ್ಲ, ಪ್ಲಗ್ಗಿನ ಮೂರನೇ ಕಾಲಿಗೆ ಗೋಡೆಯೊಳಗೆ ತಂತಿ ಇಲ್ಲದಿರುವುದರದು. ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಎಲ್ಲರಿಗೂ ಇಂಥ ಯಂತ್ರ ಬೇಕಿಲ್ಲ. ಬಿಕಾಂ ಓದುವವರಿಗೆ, ಬರೀ ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದರ ಅರ್ಧ ಬೆಲೆಯ ಹಗುರ ಲ್ಯಾಪ್‌ಟಾಪ್ ಸಾಕು. ಎಐ ಕಲಿಯುವ ಆರಂಭದ ಪಾಠಗಳಿಗೆ ಗೂಗಲ್ ಕೊಲ್ಯಾಬ್, ಕ್ಯಾಗಲ್ ಉಚಿತವಾಗಿ ಗ್ರಾಫಿಕ್ಸ್ ಕಾರ್ಡ್ ಒದಗಿಸುತ್ತವೆ. ಮನೆಯಿಂದಲೇ ಕಾಲೇಜಿಗೆ ಓಡಾಡುವವರು ಅದೇ ಹಣದಲ್ಲಿ ಡೆಸ್ಕ್‌ಟಾಪ್ ಕಟ್ಟಿಸಿದರೆ ಹೆಚ್ಚು ಶಕ್ತಿ ಸಿಗುತ್ತದೆ. ಹಾಸ್ಟೆಲ್ಲಿನಲ್ಲಿದ್ದು, ತ್ರೀಡಿ, ಸಿಮ್ಯುಲೇಷನ್, ಎಐ ಅಥವಾ ವಿಡಿಯೊ ಕೆಲಸವೂ ಇದ್ದು, ಸಂಜೆ ಗೆಳೆಯರೊಡನೆ ಆಡಲೂ ಬಯಸುವ ವಿದ್ಯಾರ್ಥಿಗೆ ಮಾತ್ರ ಗೇಮಿಂಗ್ ಲ್ಯಾಪ್‌ಟಾಪ್ ಸರಿಯಾದ ಆಯ್ಕೆ.

ಅಂಥವರು ಕೊಳ್ಳುವ ಮುನ್ನ ಮಾದರಿಯ ಪೂರ್ತಿ ಸಂಖ್ಯೆ ಬರೆದುಕೊಳ್ಳಿ, ಕಂಪನಿಯ ಜಾಲತಾಣದಲ್ಲಿ ಅದರ ಟಿಜಿಪಿ ಹುಡುಕಿ. ತಂದ ಮೇಲೆ ಬದಲಿ ಕೊಡುವ ಅವಧಿ ಮುಗಿಯುವುದರೊಳಗೆ ಒಂದು ಭಾರಿ ಆಟವನ್ನು ಅರ್ಧ ಗಂಟೆ ಓಡಿಸಿ ಉಷ್ಣಾಂಶ, ವ್ಯಾಟ್ ಎರಡನ್ನೂ ನೋಡಿ. ಕಂಪನಿಯೂ ಅಂಗಡಿಯವರೂ ವ್ಯಾಟ್ ಎಷ್ಟೆಂದು ಹೇಳದಿದ್ದರೆ ರಿಯಾಯಿತಿ ಎಷ್ಟೇ ಇದ್ದರೂ ಆ ಮಾದರಿಯನ್ನು ಬಿಟ್ಟುಬಿಡಿ.